ಅಂಗೈಯ ಪರದೆಯಲ್ಲಿ ಕನ್ನಡದ ಒತ್ತಕ್ಷರ

ಲಿಪಿಯು ತಾನು ಮೈದೋರುವ ವಸ್ತುವಿನೊಡನೆ ಸದಾ ಒಂದು ಒಪ್ಪಂದವನ್ನು ಮಾಡಿಕೊಂಡೇ ಬೆಳೆದುಬಂದಿದೆ. ಐದನೆಯ ಶತಮಾನದ ಹಲ್ಮಿಡಿಯ ಕಲ್ಲಿನ ಮೇಲೆ ಉಳಿಯ ಬಾಯಿಗೆ ಒಗ್ಗಿದ್ದ ಅಕ್ಷರವು ತಾಳೆಗರಿಯ ಮೇಲೆ ಕಂಟದ ಮೊನೆಗೆ ಬಂದಾಗ ದುಂಡುದುಂಡಾಯಿತು. ಗರಿಯ ನಾರಿನ ಜಾಡಿನಲ್ಲಿ ನೇರವಾದ ಗೆರೆಯನ್ನೆಳೆದರೆ ಗರಿಯು ಸೀಳಿಹೋಗುವುದೆಂಬ ಕಾರಣದಿಂದ ದಾಕ್ಷಿಣಾತ್ಯ ಲಿಪಿಗಳು ವರ್ತುಲಾಕಾರವನ್ನು ತಾಳಿದುವೆಂದು ಲಿಪಿತಜ್ಞರು ಹೇಳುತ್ತಾರೆ. ಓಲೆಯ ಕಟ್ಟುಗಳನ್ನು ಬಿಚ್ಚಿ ನೋಡಿದವರು ಇನ್ನೊಂದು ಸಂಗತಿಯನ್ನು ಗಮನಿಸಿರಬಹುದು. ದಾರವನ್ನು ಪೋಣಿಸುವ ರಂಧ್ರದ ಸುತ್ತಲೂ ಲಿಪಿಕಾರನು ಒಂದಿಷ್ಟು ಎಡೆಯನ್ನು ಬರಿದಾಗಿಯೇ ಬಿಡುತ್ತಿದ್ದನು. ದಾರ ಉಜ್ಜಿ ಅಕ್ಷರ ಸವೆಯಬಾರದೆಂಬ ಎಚ್ಚರವದು. ಬರೆಹಕ್ಕೆ ಎಲ್ಲಿ ಎಡೆಕೊಡಬೇಕು, ಎಲ್ಲಿ ಬಿಡಬೇಕು ಎಂಬ ಈ ವಿವೇಕವನ್ನೇ ಇಂದಿನ ಯಂತ್ರಶಿಲ್ಪಿಗಳು ಲೇಔಟ್ ಎಂಬ ಹೆಸರಿನಿಂದ ಕರೆಯುತ್ತಾರೆ. ಹೆಸರು ಹೊಸದು, ಕೆಲಸ ಹಳೆಯದು.

ಅಚ್ಚಿನ ಕಾಲದಲ್ಲಿಯೂ ಈ ಒಪ್ಪಂದವು ಮತ್ತೊಮ್ಮೆ ನಡೆಯಿತು. ವಿಲಿಯಂ ಕೇರಿಯ ಕನ್ನಡ ವ್ಯಾಕರಣವು ಶ್ರೀರಾಮಪುರದಲ್ಲಿ ಅಚ್ಚಾದ ೧೮೧೭ರಿಂದ ಮೊದಲುಗೊಂಡು ಕಿಟ್ಟೆಲ್ಲರ ನಿಘಂಟು ಮಂಗಳೂರಿನ ಬಾಸೆಲ್ ಮಿಷನ್ನಿನಿಂದ ಹೊರಬಂದ ೧೮೯೪ರವರೆಗಿನ ಅವಧಿಯಲ್ಲಿ ಕನ್ನಡದ ಅಚ್ಚುಮೊಳೆಯು ಒಂದು ಹದಕ್ಕೆ ಬಂದಿತು. ಒತ್ತಕ್ಷರಕ್ಕೆ ಕೆಳಗೆ ಎಡೆ ಬೇಕು, ಗುಡಿಸಿಗೆ ಮೇಲೆ ಎಡೆ ಬೇಕು ಎಂಬುದನ್ನು ಮೊಳೆ ಜೋಡಿಸುವವನು ಕಣ್ಣಳತೆಯಿಂದಲೇ ಬಲ್ಲವನಾಗಿದ್ದನು. ಸಾಲುಸಾಲುಗಳ ನಡುವೆ ಸೀಸದ ತೆಳುಪಟ್ಟಿಯನ್ನಿಟ್ಟು, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗದಂತೆ ಕಾಯುತ್ತಿದ್ದನು. ಫ. ಗು. ಹಳಕಟ್ಟಿಯವರು ವಚನವಾಙ್ಮಯದ ಪ್ರಕಟನೆಗಾಗಿ ೧೯೨೫ರಲ್ಲಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದುದನ್ನು ನಾವು ತ್ಯಾಗದ ಕಥೆಯಾಗಿ ಹೇಳಿಕೊಳ್ಳುತ್ತೇವೆ, ಅದು ಯುಕ್ತವೇ. ಆದರೆ ಅದರೊಳಗೆ ವ್ಯವಹಾರದ ಒಂದು ಸತ್ಯವೂ ಅಡಗಿದೆ. ತನ್ನ ಮಾತು ತನ್ನ ಅಳತೆಯಲ್ಲಿಯೇ ಅಚ್ಚಾಗಬೇಕೆಂದು ಬಯಸುವವನು ಅಚ್ಚಿನ ಮನೆಯೊಳಕ್ಕೆ ತಾನೇ ಕಾಲಿಡಬೇಕಾಗುತ್ತದೆ.

ಪ್ರಕೃತ ನಮ್ಮ ಅಕ್ಷರವು ಅಂಗೈಯಗಲದ ಗಾಜಿನ ಪರದೆಯ ಮೇಲೆ ಬಂದು ನಿಂತಿದೆ. ಈ ಸಲದ ಒಪ್ಪಂದವು ಬರೆಯಲ್ಪಟ್ಟಾಗ ಕನ್ನಡವು ಆ ಸಭೆಯಲ್ಲಿ ಇರಲಿಲ್ಲ. ರೋಮನ್ ಅಕ್ಷರಗಳಿಗೆ ಅಳೆದು ಮಾಡಿದ ಚೌಕಗಳೊಳಗೆ ಕನ್ನಡವನ್ನು ಆಮೇಲೆ ತುರುಕಲಾಯಿತು. ವಿದ್ಯಾಸಂಸ್ಥೆಗಳೂ ಮಠಗಳೂ ಸಹಕಾರಿ ಬ್ಯಾಂಕುಗಳೂ ತಮ್ಮ ತಮ್ಮ ಮೊಬೈಲ್ ಆ್ಯಪುಗಳನ್ನು ಮಾಡಿಸುತ್ತಿರುವ ಈ ಕಾಲದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ: ಆ್ಯಪು ಕನ್ನಡದಲ್ಲಿಯೂ ದೊರೆಯುತ್ತದೆ ಎಂಬಷ್ಟರಿಂದ ತೃಪ್ತರಾಗಬಾರದು, ಅದರ ಒಂದೊಂದು ಅಂಗವನ್ನೂ ಮೊದಲು ಕನ್ನಡದ ಅಳತೆಗೆ ಕಟ್ಟಿಸಿ, ಅನಂತರ ಇಂಗ್ಲಿಷನ್ನು ಅದರೊಳಗೆ ಕೂರಿಸಬೇಕು. ಕನ್ನಡಕ್ಕೆ ಹೊಲಿದ ಅಂಗಿ ಇಂಗ್ಲಿಷಿಗೆ ಸ್ವಲ್ಪ ಸಡಿಲವಾದೀತು, ಅಷ್ಟೆ. ಇಂಗ್ಲಿಷಿಗೆ ಹೊಲಿದುದು ಕನ್ನಡದ ತೋಳಿಗೇ ಏರುವುದಿಲ್ಲ.

ಪಂಡಿತನಿಗೆ ಈ ವಿಷಯದಲ್ಲಿ ಏನು ಅಧಿಕಾರವೆಂದು ಕೆಲವರಿಗೆ ಅನ್ನಿಸಬಹುದು. ನಮ್ಮಲ್ಲಿಯೇ ಓದಿ, ಈಗ ಬೆಂಗಳೂರಿನಲ್ಲಿ ಇಂಥ ಆ್ಯಪುಗಳನ್ನು ಕಟ್ಟುವ ಶಿಷ್ಯನೊಬ್ಬನು ರಜೆಯ ದಿನಗಳಲ್ಲಿ ಎದುರಿಗೆ ಕುಳಿತು ಇದರ ಒಳಹೊರಗನ್ನು ನನಗೆ ತಿಳಿಯಹೇಳಿದ್ದಾನೆ. ಅಕ್ಷರದ ಸಂಗತಿಯನ್ನು ನಾನು ಬಲ್ಲೆ, ಚೌಕದ ಸಂಗತಿಯನ್ನು ಅವನು ಬಲ್ಲ.

ಆ್ಯಪಿನ ಒಂದು ಪುಟವು ಒಂದೇ ಚಿತ್ರವಲ್ಲ. ಒತ್ತುವ ಬಟನ್ನು, ಹೆಸರು ಬರೆಯುವ ಚೌಕ, ಪಟ್ಟಿಯ ಒಂದೊಂದು ಸಾಲು, ತಲೆಯ ಪಟ್ಟಿ, ಕಾಲ ಬಳಿಯ ಪಟ್ಟಿ, ಇವೆಲ್ಲ ಬೇರೆಬೇರೆಯಾಗಿ ಎರಕಹೊಯ್ದಿಟ್ಟ ಇಟ್ಟಿಗೆಗಳು. ಒಂದೊಂದಕ್ಕೂ ಅಂಚಿನಿಂದ ಅಕ್ಷರಕ್ಕೆ ಬಿಡುವ ಒಳಜಾಗವುಂಟು, ನೆರೆಯ ಇಟ್ಟಿಗೆಯಿಂದ ದೂರವಿರಿಸುವ ಹೊರಜಾಗವುಂಟು. ಅಳತೆಗೂ ಒಂದು ಮಾನವುಂಟು. ಆಂಡ್ರಾಯ್ಡಿನಲ್ಲಿ ಅದನ್ನು ಡಿ.ಪಿ. ಎನ್ನುತ್ತಾರೆ; ಅಂಗುಲಕ್ಕೆ ೧೬೦ ಚುಕ್ಕೆಗಳ ಪರದೆಯಲ್ಲಿ ಒಂದು ಚುಕ್ಕೆ ಎಷ್ಟೋ ಅಷ್ಟು. ಬೆರಳಿನಿಂದ ಒತ್ತುವ ಯಾವ ಅಂಗವೂ ೪೮ ಡಿ.ಪಿ.ಗಿಂತ ಚಿಕ್ಕದಾಗಿರಬಾರದೆಂದು ಗೂಗಲ್ಲಿನವರ ಮೆಟೀರಿಯಲ್ ಡಿಸೈನ್ ಎಂಬ ಸೂತ್ರಗ್ರಂಥವು ವಿಧಿಸುತ್ತದೆ. ಆಪಲ್ಲಿನವರು ತಮ್ಮ ಮಾನದಲ್ಲಿ ೪೪ ಎನ್ನುತ್ತಾರೆ. ಬೆರಳಿನ ತುದಿಯನ್ನು ಅಳೆದು ಕಟ್ಟಿದ ಈ ನಿಯಮದಲ್ಲಿ ಮನುಷ್ಯನ ಮೇಲಣ ಗೌರವವಿದೆ, ನನಗೆ ಅದು ಮೆಚ್ಚುಗೆಯಾಯಿತು. ಆದರೆ ಬೆರಳು ಎಲ್ಲ ದೇಶದವರಿಗೂ ಹೆಚ್ಚುಕಡಿಮೆ ಒಂದೇ, ಅಕ್ಷರ ಹಾಗಲ್ಲ. ಅದೇ ಗ್ರಂಥದ ಈಚಿನ ಪಾಠದಲ್ಲಿ ಸಾಧಾರಣ ಬಟನ್ನಿನ ಅಕ್ಷರದ ಗಾತ್ರ ೧೪, ಆ ಸಾಲಿನ ಎತ್ತರ ೨೦. ರೋಮನ್ ಅಕ್ಷರಗಳಲ್ಲಿ ಕೆಲವು ಮಾತ್ರ ತಲೆಯೆತ್ತುತ್ತವೆ, ಕೆಲವು ಮಾತ್ರ ಕಾಲಿಳಿಬಿಡುತ್ತವೆ, ಮಿಕ್ಕವು ನಡುಮನೆಯಲ್ಲಿ ಸುಮ್ಮನೆ ಕುಳಿತಿರುತ್ತವೆ. ಅವುಗಳಿಗೆ ಈ ಎತ್ತರ ಧಾರಾಳವಾಯಿತು.

ಕನ್ನಡದ ಮನೆಗಾದರೋ ಮೂರು ಅಂತಸ್ತು. ನಡುವೆ ಮೂಲಾಕ್ಷರ, ಮೇಲೆ ತಲೆಕಟ್ಟು ಗುಡಿಸುಗಳು, ಕೆಳಗೆ ಒತ್ತು. ‘ಸ್ವಾತಂತ್ರ್ಯ’ ಎಂಬಲ್ಲಿ ತಕಾರವು ರಕಾರ ಯಕಾರಗಳೆರಡನ್ನೂ ಹೊತ್ತು ನಿಲ್ಲುತ್ತದೆ. ‘ರಾಷ್ಟ್ರೀಯ’, ‘ವೈಶಿಷ್ಟ್ಯ’, ‘ಲಕ್ಷ್ಮಿ’ ಇವೆಲ್ಲ ಆ ಜಾತಿಯವೇ. ಇವು ಅಪೂರ್ವ ಪ್ರಯೋಗಗಳಲ್ಲ, ದಿನದಿನದ ಮಾತುಗಳು. ಎತ್ತರವನ್ನು ಇಷ್ಟೇ ಎಂದು ಕಟ್ಟಿಹಾಕಿದ ಚೌಕದಲ್ಲಿ ಇಂಥ ಮಾತನ್ನಿಟ್ಟರೆ ಕೆಳಗಿನ ಒತ್ತು ಅಂಚಿಗೆ ಸಿಕ್ಕಿ ಕತ್ತರಿಸಿಹೋಗುತ್ತದೆ. ಒತ್ತು ಹೋದರೆ ಅಂದ ಕೆಟ್ಟಿತೆಂದಷ್ಟೇ ಭಾವಿಸಬಾರದು. ಅರ್ಥವೇ ಹೋಗುತ್ತದೆ. ‘ಕತ್ತೆ’ಯ ಕಾಲನ್ನು ಕತ್ತರಿಸಿದರೆ ‘ಕತೆ’ಯಾಗುತ್ತದೆ, ‘ಹಳ್ಳಿ’ ಹೋಗಿ ‘ಹಳಿ’ಯಾಗುತ್ತದೆ, ‘ಬಳ್ಳಿ’ ಹೋಗಿ ‘ಬಳಿ’ಯಾಗುತ್ತದೆ. ಮೊದಲನೆಯ ತರಗತಿಯ ಬಾಲಕನು ಹೀಗೆ ಬರೆದರೆ ನಾವು ಕೆಂಪು ಶಾಯಿಯಿಂದ ಗೆರೆಯೆಳೆಯುತ್ತೇವೆ. ಯಂತ್ರ ಬರೆದರೆ ‘ತಾಂತ್ರಿಕ ತೊಂದರೆ’ ಎಂದು ಸುಮ್ಮನಾಗುತ್ತೇವೆ.

ಈ ಇಕ್ಕಟ್ಟು ಯಂತ್ರವನ್ನು ಕಟ್ಟಿದವರಿಗೆ ತಿಳಿಯದ ವಿಷಯವೇನೂ ಅಲ್ಲ. ಆಂಡ್ರಾಯ್ಡು ಕನ್ನಡವನ್ನು ಓದಬಲ್ಲುದಾದದ್ದು ೨೦೧೨ರಲ್ಲಿ, ಅದರ ೪.೧ನೆಯ ಆವೃತ್ತಿಯಲ್ಲಿ, ತೆಲುಗು ಮಲಯಾಳಗಳ ಜೊತೆಗೆ. ಆದರೆ ಅಕ್ಷರವನ್ನು ಒಳಗೆ ಬರಮಾಡಿಕೊಂಡ ಮೇಲೂ ಮನೆಯ ಬಾಗಿಲನ್ನು ಎತ್ತರಿಸಲಿಲ್ಲ. ಬಂದ ಅತಿಥಿಯನ್ನೇ ಬಗ್ಗಿಸಿದರು. ಕನ್ನಡಕ್ಕೆ ಎರಡು ಬಗೆಯ ಫಾಂಟುಗಳಾದವು. ಒಂದು, ಓದುವುದಕ್ಕೆ ತಕ್ಕ ಪೂರ್ಣಪ್ರಮಾಣದ ಅಕ್ಷರ. ಇನ್ನೊಂದು, ಬಟನ್ನು ಪಟ್ಟಿಗಳ ಗಿಡ್ಡ ಚೌಕಗಳು ಮುರಿಯದಿರಲೆಂದು ಮೇಲುಕೆಳಗಿನ ಎತ್ತರವನ್ನು ತಗ್ಗಿಸಿ ಮಾಡಿದ ಅಡಕವಾದ ಅಕ್ಷರ. ತಾನಾಗಿ ಕಾಣಿಸುತ್ತಿದ್ದುದು ಈ ಎರಡನೆಯದು. ೨೦೧೪ರಲ್ಲಿ, ಪೂರ್ಣಪ್ರಮಾಣದ ಅಕ್ಷರ ಬೇಕೆಂದವರು ಕೇಳಿ ಪಡೆಯಲೆಂದು ಒಂದು ಕೀಲಿಯನ್ನು ಒದಗಿಸಿದರು. ಅದಕ್ಕೆ ‘ಎಲಿಗೆಂಟ್ ಟೆಕ್ಸ್ಟ್ ಹೈಟ್’ ಎಂದು ನಾಮಕರಣ. ಅಂದವಾದ ಎತ್ತರವಂತೆ! ನಮ್ಮ ಅಕ್ಷರದ ಸಹಜವಾದ ಎತ್ತರವೇ ಅವರಿಗೆ ಅಲಂಕಾರವಾಗಿ ತೋರಿತೆಂಬುದನ್ನು ಓದುಗರು ಗಮನಿಸಬೇಕು. ಊಟಕ್ಕೆ ಕುಳಿತವನಿಗೆ ಉಪ್ಪನ್ನು ಕೇಳಿದರೆ ಮಾತ್ರ ಬಡಿಸುವಂತೆ, ಕೀಲಿಯನ್ನು ತಿರುಗಿಸಿದವರಿಗಷ್ಟೇ ಪೂರ್ಣಾಕ್ಷರ.

ಅದೇ ವರ್ಷ ಹೊರಬಂದ ಮೆಟೀರಿಯಲ್ ಡಿಸೈನಿನ ಸೂತ್ರಗಳಲ್ಲಿ ಲೋಕದ ಲಿಪಿಗಳನ್ನು ಮೂರು ವರ್ಗ ಮಾಡಿದ್ದರು: ಇಂಗ್ಲಿಷಿನಂಥವು, ಎತ್ತರದವು, ದಟ್ಟವಾದವು. ದಕ್ಷಿಣ ಏಷ್ಯದ ಲಿಪಿಗಳು ಎತ್ತರದ ವರ್ಗದಲ್ಲಿ ಸೇರಿ, ಅವುಗಳಿಗೆ ಸಾಲಿನ ಎತ್ತರವನ್ನು ಹೆಚ್ಚಿಸಬೇಕೆಂಬ ಸೂಚನೆಯೂ ಇದ್ದಿತು. ಸೂತ್ರ ಇದ್ದಿತು, ವೃತ್ತಿಯನ್ನು ಬರೆದವರಿಲ್ಲ, ಓದಿದವರು ಇನ್ನೂ ಕಡಿಮೆ. ೨೦೨೨ರಲ್ಲಿ ಹೊರಬಂದ ಹದಿಮೂರನೆಯ ಆವೃತ್ತಿಯು ಲ್ಯಾಟಿನ್ನೇತರ ಲಿಪಿಗಳಿಗೆ ಆಯಾ ಭಾಷೆಗೆ ತಕ್ಕ ಸಾಲಿನೆತ್ತರವನ್ನು ಕೊಟ್ಟಿತು; ಅಕ್ಷರ ಕತ್ತರಿಸಿಹೋಗದಿರಲೆಂಬುದೇ ಅದರ ಉದ್ದೇಶವೆಂದು ಅವರೇ ಹೇಳಿಕೊಂಡರು. ೨೦೨೪ರ ಹದಿನೈದನೆಯ ಆವೃತ್ತಿಯಲ್ಲಿ, ಅದಕ್ಕೆಂದು ಕಟ್ಟಿದ ಆ್ಯಪುಗಳಿಗೆ ಪೂರ್ಣಪ್ರಮಾಣದ ಅಕ್ಷರವೇ ತಾನಾಗಿ ಬರುವಂತೆ ಮಾಡಿದರು. ೨೦೨೫ರ ಹದಿನಾರನೆಯದಕ್ಕೆಂದು ಕಟ್ಟಿದ ಆ್ಯಪುಗಳಲ್ಲಿ ಹಳೆಯ ಅಡಕಾಕ್ಷರಕ್ಕೆ ಹಿಂದಿರುಗುವ ಕೀಲಿಯೂ ನಡೆಯದು. ಕನ್ನಡ, ತಮಿಳು, ತೆಲುಗು, ಮಲಯಾಳ, ಗುಜರಾತಿ, ಒಡಿಯಾ ಮುಂತಾದ ಲಿಪಿಗಳನ್ನು ಹೆಸರಿಸಿಯೇ, ನಿಮ್ಮ ಆ್ಯಪುಗಳನ್ನು ಪರೀಕ್ಷಿಸಿಕೊಳ್ಳಿರೆಂದು ಎಚ್ಚರಿಸಿದ್ದಾರೆ. ಅಂದರೆ ೨೦೧೨ರಿಂದ ೨೦೨೪ರವರೆಗೆ ಹನ್ನೆರಡು ವರ್ಷ ಕನ್ನಡಿಗರು ತಮ್ಮ ಅಂಗೈಯಲ್ಲಿ ಓದಿದುದು ಬಹುಮಟ್ಟಿಗೆ ಕುಗ್ಗಿಸಿದ ಕನ್ನಡ.

ಈ ಸುಧಾರಣೆಯಿಂದ ಎಲ್ಲವೂ ಸರಿಹೋಯಿತೆನ್ನುವಂತಿಲ್ಲ. ಈಗ ಅತಿಥಿ ನೆಟ್ಟಗೆ ನಿಲ್ಲುತ್ತಾನೆ. ಬಾಗಿಲು ಮಾತ್ರ ಅಷ್ಟೇ ಗಿಡ್ಡವಾಗಿದ್ದರೆ ತಲೆ ತಗಲುವುದು ನಿಶ್ಚಯ. ಬಾಗಿಲನ್ನು ಎತ್ತರಿಸುವ ಕೆಲಸ ಗೂಗಲ್ಲಿನವರದಲ್ಲ, ಆ್ಯಪನ್ನು ಕಟ್ಟುವವರದು. ಅದು ಕಷ್ಟದ ಕೆಲಸವೂ ಅಲ್ಲವೆಂದು ಶಿಷ್ಯನು ಹೇಳುತ್ತಾನೆ. ಚೌಕದ ಎತ್ತರವನ್ನು ‘ಇಷ್ಟೇ’ ಎಂದು ವಿಧಿಸುವ ಬದಲು ‘ಕನಿಷ್ಠ ಇಷ್ಟು’ ಎಂದು ವಿಧಿಸಿದರೆ, ಅಕ್ಷರವು ಬೇಡಿದಾಗ ಚೌಕವು ತಾನೇ ಬೆಳೆಯುತ್ತದೆ. ಒಂದು ಪದದ ವ್ಯತ್ಯಾಸ. ನಮ್ಮ ಛಂದಸ್ಸನ್ನು ಬಲ್ಲವರಿಗೆ ಇದು ಸುಲಭವಾಗಿ ತಿಳಿದೀತು. ಕಂದಪದ್ಯದಲ್ಲಿ ಮೊದಲನೆಯ ಮತ್ತು ಮೂರನೆಯ ಪಾದಗಳಿಗೆ ೧೨ ಮಾತ್ರೆ, ಎರಡನೆಯ ಮತ್ತು ನಾಲ್ಕನೆಯ ಪಾದಗಳಿಗೆ ೨೦ ಮಾತ್ರೆ. ಅಕ್ಷರಗಳೆಷ್ಟೆಂಬ ಕಟ್ಟಿಲ್ಲ, ಗುರುಲಘುಗಳ ತೂಕವಷ್ಟೇ ಲೆಕ್ಕ. ಕಟ್ಟೂ ಉಂಟು, ಬಿಡುವೂ ಉಂಟು. ಅಕ್ಷರಗಣದ ವೃತ್ತಗಳಲ್ಲಿ ಆ ಬಿಡುವಿಲ್ಲ. ಬಟನ್ನು ಪಟ್ಟಿಗಳ ವಿನ್ಯಾಸದಲ್ಲಿ ನಮಗೆ ಬೇಕಾದುದು ಕಂದದ ಧರ್ಮ, ವೃತ್ತದ ಧರ್ಮವಲ್ಲ.

ಎತ್ತರದ ಮಾತಾಯಿತು. ಅಗಲದ ಮಾತು ಇದಕ್ಕಿಂತ ಗಹನವಾದುದು. ಏಕೆಂದರೆ ಅದು ಲಿಪಿಯನ್ನು ದಾಟಿ ವ್ಯಾಕರಣವನ್ನು ಮುಟ್ಟುತ್ತದೆ. ಪಟ್ಟಿಯ ಸಾಲಿನಲ್ಲಿ ಮಾತು ಹಿಡಿಸದಿದ್ದಾಗ ಅದನ್ನು ಒಂದೇ ಸಾಲಿಗೆ ತಡೆದು, ತುದಿಯನ್ನು ಕತ್ತರಿಸಿ ಮೂರು ಚುಕ್ಕೆಗಳನ್ನಿಡುವ ಪದ್ಧತಿಯುಂಟು. ಇಂಗ್ಲಿಷಿನ ವಾಕ್ಯಕ್ಕೆ ಇದು ಅಷ್ಟಾಗಿ ಅಪಾಯಕಾರಿಯಲ್ಲ. ಆ ಭಾಷೆಯು ಹೌದು ಅಲ್ಲಗಳನ್ನು ಬಹುಮಟ್ಟಿಗೆ ವಾಕ್ಯದ ಮೊದಲ ಅರ್ಧದಲ್ಲಿಯೇ ಹೇಳಿ ಮುಗಿಸುತ್ತದೆ. ‘ನೋ ಸ್ಕೂಲ್ ಟುಮಾರೋ’ ಎಂಬಲ್ಲಿ ನಿಷೇಧವೇ ಮೊದಲ ಪದ. ಬಾಲವನ್ನು ಕತ್ತರಿಸಿದರೂ ಶಾಲೆಯಿಲ್ಲವೆಂಬುದು ಉಳಿಯುತ್ತದೆ. ಕನ್ನಡದಲ್ಲಿ ಕ್ರಿಯಾಪದವು ವಾಕ್ಯದ ಕೊನೆಯಲ್ಲಿ ಬರುತ್ತದೆ. ನಿಷೇಧವು ಆ ಕ್ರಿಯಾಪದದ ಕೊನೆಯಲ್ಲಿ ಬರುತ್ತದೆ. ನಮ್ಮ ವಾಕ್ಯದ ಪ್ರಾಣವು ಅದರ ಬಾಲದಲ್ಲಿದೆ. ಆ ಬಾಲವನ್ನೇ ಯಂತ್ರವು ಕತ್ತರಿಸುತ್ತದೆ.

ನಮ್ಮ ಪರಿಚಯದ ತಾಯಿಯೊಬ್ಬರು ಮಳೆಗಾಲದ ಒಂದು ಸಂಜೆ ತಮ್ಮ ಮೊಬೈಲನ್ನು ನನ್ನ ಮುಂದೆ ಹಿಡಿದು ಕೇಳಿದರು, “ಪಂಡಿತರ, ಇದರಾಗ ಏನ್ ಬರದಾರ ನೋಡ್ರಿ.” ಅವರ ಮಗನು ಓದುವ ಶಾಲೆಯ ಆ್ಯಪಿನಿಂದ ಬಂದ ಸೂಚನೆಯದು. ಪರದೆಯಲ್ಲಿ ಕಂಡುದು ಇಷ್ಟು: ‘ಭಾರಿ ಮಳೆಯ ಕಾರಣ ನಾಳೆ ಶಾಲೆ ಇರು…’. ಇರುತ್ತದೆಯೋ, ಇರುವುದಿಲ್ಲವೋ? ಶಬ್ದಮಣಿದರ್ಪಣವನ್ನು ಕಂಠಪಾಠ ಮಾಡಿದವನಿಗೂ ಆ ಮೂರು ಚುಕ್ಕೆಗಳ ಆಚೆ ಏನಿದೆಯೆಂದು ಹೇಳುವ ಶಕ್ತಿಯಿಲ್ಲ. ‘ಮಳೆಯ ಕಾರಣ’ ಎಂಬುದರಿಂದ ರಜೆಯೆಂದು ಊಹಿಸಬಹುದಾಗಿತ್ತು. ಆದರೆ ಮಧ್ಯಾಹ್ನದ ಮೇಲೆ ಶಾಲೆ ಇರುವುದೆಂದೂ ಇರಬಹುದಷ್ಟೆ. ಸೂಚನೆಯನ್ನು ಒತ್ತಿ ಒಳಗೆ ಹೋದರೆ ಪೂರ್ತಿ ಕಾಣುತ್ತದೆಂದು ಬಲ್ಲವರು ಹೇಳುವರು. ಒತ್ತಿದೆವು, ಗುಪ್ತಪದವನ್ನು ಕೇಳಿತು. ಅದು ಹುಡುಗನ ತಂದೆಗೆ ಗೊತ್ತು, ತಂದೆ ಹೊಲದಲ್ಲಿ. ‘ಶುಲ್ಕ ಪಾವತಿಯಾಗಿ…’ ಎಂಬುದೂ ಇದೇ ಬಗೆಯದು. ‘ಪಾವತಿಯಾಗಿದೆ’ ಎಂದರೆ ನೆಮ್ಮದಿ, ‘ಪಾವತಿಯಾಗಿಲ್ಲ’ ಎಂದರೆ ದಂಡ. ಎರಡಕ್ಕೂ ಪರದೆಯ ಮೇಲೆ ಒಂದೇ ಮುಖ.

ಆದುದರಿಂದ ಕನ್ನಡದ ಸೂಚನೆಗಳಿಗೆ ಎರಡು ಸಾಲು, ಬೇಕಾದರೆ ಮೂರು ಸಾಲು ಕೊಡಬೇಕೆಂಬುದು ಸೌಂದರ್ಯದ ಬೇಡಿಕೆಯಲ್ಲ. ಅದು ವಾಕ್ಯರಚನೆಯ ಅಗತ್ಯ. ಎಡೆ ನಿಜವಾಗಿಯೂ ಇಲ್ಲವೆಂದಾದರೆ ನಿರ್ಣಯವನ್ನು ಮುಂದಕ್ಕೆ ತರುವ ಉಪಾಯವೂ ಭಾಷೆಯಲ್ಲಿಯೇ ಉಂಟು: ‘ರಜೆ’ ಎಂಬ ಎರಡಕ್ಷರವನ್ನು ಸಾಲಿನ ಮೊದಲಿಗೇ ಬೇರೆಯ ಪುಟ್ಟ ಚೌಕದಲ್ಲಿ ಬಣ್ಣವಿಟ್ಟು ನಿಲ್ಲಿಸಿ, ಕಾರಣವನ್ನು ಆಮೇಲೆ ಹೇಳಬಹುದು. ‘ಬಾಕಿ’, ‘ಸಂದಿದೆ’ ಇವೂ ಹಾಗೆಯೇ. ಇದನ್ನು ಅಳವಡಿಸಬೇಕಾದರೆ ಚೌಕವನ್ನು ಕಟ್ಟುವವನೂ ವಾಕ್ಯವನ್ನು ಬರೆಯುವವನೂ ಒಂದೇ ಮೇಜಿನ ಮುಂದೆ ಕೂರಬೇಕು. ಈಗ ನಡೆಯುತ್ತಿರುವುದು ಬೇರೆ. ಆ್ಯಪು ಪೂರ್ತಿ ಸಿದ್ಧವಾದ ಮೇಲೆ, ಇಂಗ್ಲಿಷ್ ಪದಗಳ ಪಟ್ಟಿಯೊಂದನ್ನು ಭಾಷಾಂತರಕಾರನ ಕೈಗೆ ಕೊಟ್ಟು, ಇದು ಎಲ್ಲಿ ಕಾಣುತ್ತದೆ, ಎಷ್ಟು ಎಡೆಯಿದೆ ಎಂಬುದನ್ನು ತಿಳಿಸದೆ, ಎರಡು ದಿನಗಳಲ್ಲಿ ಮುಗಿಸೆನ್ನುತ್ತಾರೆ. ಹೆಸರಿನ ಮುಂದೆ ವಿಭಕ್ತಿಪ್ರತ್ಯಯವನ್ನು ಯಂತ್ರವೇ ಅಂಟಿಸಿ ‘ಬಸವರಾಜ ಗೆ’, ‘ಗೌರಮ್ಮ ಕ್ಕೆ’ ಎಂದು ಕರೆಯುವ ಅವಾಂತರವೂ ಇದರ ಫಲವೇ. ‘ಅವರಿಗೆ’ ಎಂಬ ಒಂದು ಪದಕ್ಕೆ ಎಡೆಯಿಟ್ಟಿದ್ದರೆ ವ್ಯಾಕರಣವೂ ಉಳಿಯುತ್ತಿತ್ತು, ಮರ್ಯಾದೆಯೂ ಉಳಿಯುತ್ತಿತ್ತು.

ಇನ್ನು ವಯಸ್ಸಾದವರ ಕಣ್ಣಿನ ವಿಚಾರ. ಮೊಬೈಲಿನಲ್ಲಿ ಅಕ್ಷರವನ್ನು ದೊಡ್ಡದು ಮಾಡಿಕೊಳ್ಳುವ ಅನುಕೂಲವಿದೆ. ೨೦೨೩ರ ಹದಿನಾಲ್ಕನೆಯ ಆಂಡ್ರಾಯ್ಡಿನಿಂದ ಇದು ಇಮ್ಮಡಿಯವರೆಗೆ ಹೋಗುತ್ತದೆ. ಅಕ್ಷರದ ಗಾತ್ರವನ್ನು ಅಳೆಯುವ ಮಾನವು ಈ ಆಯ್ಕೆಯನ್ನು ಅನುಸರಿಸಿ ಹಿಗ್ಗುತ್ತದೆ, ಚೌಕದ ಮಾನವು ಹಿಗ್ಗುವುದಿಲ್ಲ. ಎತ್ತರವನ್ನು ಬಿಗಿದ ಬಟನ್ನಿನಲ್ಲಿ ಇಂಗ್ಲಿಷೇ ಉಬ್ಬಸಪಡುವಾಗ ಕನ್ನಡದ ಗತಿಯೇನು? ಆಗ ಹಿರಿಯರು ಮಾಡುವುದೇನೆಂದರೆ, ಮೊಮ್ಮಗನನ್ನು ಕರೆದು “ಇಂಗ್ಲಿಷಿಗೆ ಹಾಕಿಕೊಡಪ್ಪಾ” ಎನ್ನುತ್ತಾರೆ. ಆಮೇಲೆ ಬಟನ್ನುಗಳ ಸ್ಥಾನವನ್ನೂ ಬಣ್ಣವನ್ನೂ ನೆನಪಿಟ್ಟುಕೊಂಡು ಒತ್ತುತ್ತಾರೆ. ಓದಬಲ್ಲ ಮನುಷ್ಯನು ತನ್ನ ಹಣದ ವ್ಯವಹಾರದಲ್ಲಿ ಅನಕ್ಷರಸ್ಥನಂತೆ ನಡೆದುಕೊಳ್ಳಬೇಕಾಗುತ್ತದೆ. ಸಾಕ್ಷರತೆಗಾಗಿ ಇಷ್ಟು ದಶಕ ದುಡಿದ ಮಠಮಾನ್ಯಗಳ ಶಾಲೆಗಳಿಗೆ ಇದು ನೋವಿನ ಸಂಗತಿಯಾಗಬೇಕು.

ಸಣ್ಣಪುಟ್ಟ ದೋಷಗಳು ಇನ್ನೂ ಹಲವು. ದೊಡ್ಡಕ್ಷರ ಚಿಕ್ಕಕ್ಷರಗಳ ಭೇದವೇ ಇಲ್ಲದ ನಮ್ಮ ಲಿಪಿಗೆ, ಬಟನ್ನಿನ ದೊಡ್ಡಕ್ಷರಗಳಿಗೆಂದು ಗೊತ್ತುಮಾಡಿದ ಅಕ್ಷರಾಂತರವನ್ನು ಹೇರುತ್ತಾರೆ. ಪದವು ಹಲ್ಲುಬಿದ್ದ ಬಾಯಂತೆ ಕಾಣುತ್ತದೆ. ಓರೆಯಕ್ಷರದ ಫಾಂಟು ಇಲ್ಲದೆಡೆ ಯಂತ್ರವು ನೆಟ್ಟಗಿನ ಅಕ್ಷರವನ್ನೇ ಬಲವಂತವಾಗಿ ವಾಲಿಸುತ್ತದೆ. ಬಿಳಿಯ ಮೇಲೆ ತೆಳುಬೂದಿಯ ಬಣ್ಣವನ್ನಿಡುವ ಶೋಕಿಯಲ್ಲಿ ಒತ್ತಕ್ಷರವು ಮೊದಲು ಮಾಯವಾಗುತ್ತದೆ. ಅಕ್ಷರಕ್ಕೂ ಹಿನ್ನೆಲೆಗೂ ೪.೫ಕ್ಕೆ ೧ರಷ್ಟು ಕಾಂತಿಭೇದ ಇರಬೇಕೆಂಬ ಅಂತರರಾಷ್ಟ್ರೀಯ ನಿಯಮವಿದ್ದರೂ ಪಾಲಿಸುವವರು ವಿರಳ. ಪ್ರಸಂಗವಶಾತ್ ಒಂದು ವಿನೋದವನ್ನು ಹೇಳಿಬಿಡುತ್ತೇನೆ. ಎಲ್ಲ ಲಿಪಿಗಳಿಗೂ ಸಂಖ್ಯೆಗಳನ್ನು ಕೊಟ್ಟಿರುವ ಯೂನಿಕೋಡ್ ಎಂಬ ಮಹಾಪಟ್ಟಿಯಲ್ಲಿ ನಮ್ಮ ಹಳಗನ್ನಡದ ೞಕಾರಕ್ಕೆ ‘ಫ’ ಎಂಬ ಅರ್ಥದ ಹೆಸರು ಬಿದ್ದಿದೆ. ತಪ್ಪೆಂದು ಅವರೂ ಒಪ್ಪಿದ್ದಾರೆ. ಆದರೆ ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು ಆ ಪಟ್ಟಿಯ ನಿಯಮವಾದುದರಿಂದ ಸರಿಯಾದ ಹೆಸರನ್ನು ಪಕ್ಕದಲ್ಲಿ ಅಡ್ಡಹೆಸರಾಗಿ ಸೇರಿಸಿದ್ದಾರೆ. ಹೆಸರಿಡುವ ದಿನ ಮನೆಯವರು ತೊಟ್ಟಿಲ ಬಳಿ ಇಲ್ಲದಿದ್ದರೆ ಹೀಗಾಗು­ತ್ತದೆ.

ತಪ್ಪೆಲ್ಲವೂ ಯಂತ್ರದವರದೇ ಎಂದು ನಾನು ಹೇಳಲಾರೆ. ನಮ್ಮ ಪಂಡಿತವರ್ಗದ ಪಾಲೂ ಉಂಟು. ಮೂರಕ್ಷರದ ಇಂಗ್ಲಿಷ್ ಮಾತಿಗೆ ಮೂರು ಪದಗಳ ಸಂಸ್ಕೃತ ಸಮಾಸವನ್ನು ಕೊಟ್ಟು, ಆಮೇಲೆ ಎಡೆ ಸಾಲದೆಂದು ದೂರುವುದು ನ್ಯಾಯವಲ್ಲ. ‘ಹುಡುಕು’ ಎಂದರೆ ಸಾಕಾದಲ್ಲಿ ‘ಅನ್ವೇಷಣೆಯನ್ನು ಕೈಗೊಳ್ಳಿರಿ’ ಎಂದೇಕೆ? ‘ಮುಂದೆ’, ‘ಹಿಂದೆ’, ‘ಅಳಿಸು’, ‘ಉಳಿಸು’, ‘ಕಳುಹಿಸು’, ‘ಮುಚ್ಚು’ ಇವು ಅಚ್ಚಗನ್ನಡದ ಮಾತುಗಳು, ಗಿಡ್ಡವಾದವು, ಎಲ್ಲರೂ ಬಲ್ಲವು. ಏಕವಚನದ ವಿಧಿರೂಪವು ಅಗೌರವವೆಂಬ ಆಕ್ಷೇಪವನ್ನು ನಾನು ಅನೇಕರಿಂದ ಕೇಳಿದ್ದೇನೆ. ಇಲ್ಲಿ ಯಾರು ಯಾರಿಗೆ ಹೇಳುತ್ತಿದ್ದಾರೆಂಬುದನ್ನು ವಿಚಾರಮಾಡಬೇಕು. ಬಟನ್ನಿನ ಮೇಲಣ ಮಾತು ಮನುಷ್ಯನು ಯಂತ್ರಕ್ಕೆ ಕೊಡುವ ಅಪ್ಪಣೆ. ಯಂತ್ರವನ್ನು ಬಹುವಚನದಿಂದ ಕರೆಯಬೇಕಾದ ಅಗತ್ಯವಿಲ್ಲ, ಆದುದರಿಂದ ‘ಕಳುಹಿಸು’ ಎಂಬುದೇ ಸಾಧು. ಬರೆಯುವ ಚೌಕದಲ್ಲಿ ಮಸುಕಾಗಿ ಕಾಣುವ ಮಾತಾದರೋ ಯಂತ್ರವು ಮನುಷ್ಯನಿಗೆ ಹೇಳುವುದು. ಅಲ್ಲಿ ‘ನಿಮ್ಮ ಹೆಸರನ್ನು ಬರೆಯಿರಿ’ ಎಂದು ಗೌರವದಿಂದಲೇ ಇರಬೇಕು. ಈ ವಿವೇಕವಿಲ್ಲದೆ ಒಂದೇ ಪುಟದಲ್ಲಿ ‘ಉಳಿಸಿ’, ‘ಅಳಿಸು’, ‘ರದ್ದುಪಡಿಸಿರಿ’ ಎಂದು ಮೂರು ಬಗೆಯಾಗಿ ಬರೆಯುವುದನ್ನು ಕಾಣುತ್ತೇವೆ. ಪುರುಷ ವಚನಗಳನ್ನು ಸರಿಯಾಗಿ ಹಿಡಿದರೆ ಚೌಕದ ಅಗಲವೂ ಉಳಿಯುತ್ತದೆ.

ಇದಕ್ಕೆಲ್ಲ ಯಂತ್ರಶಿಲ್ಪಿಗಳಿಂದ ಬರುವ ಉತ್ತರವನ್ನೂ ನಾನು ಬಲ್ಲೆ. ಸಿದ್ಧವಾದ ಇಟ್ಟಿಗೆಗಳು ದೊರೆಯುವಾಗ ಅವನ್ನು ಒಡೆದು ಕಟ್ಟುವುದು ಖರ್ಚಿನ ಬಾಬು. ಕನ್ನಡದ ಪುಟವನ್ನು ತೆರೆಯುವವರ ಸಂಖ್ಯೆಯೇ ಕಡಿಮೆ. ಅಷ್ಟು ಮಂದಿಗಾಗಿ ಇಷ್ಟು ಶ್ರಮವೇಕೆ ಎನ್ನುತ್ತಾರೆ. ಮೊದಲನೆಯದಕ್ಕೆ ಸಮಾಧಾನ: ಇಟ್ಟಿಗೆಯನ್ನು ಒಡೆಯಬೇಕಾಗಿಲ್ಲ. ಆಪಲ್ಲಿನವರು ೨೦೧೯ರಲ್ಲಿ ತಂದ ಸ್ವಿಫ್ಟ್ ಯು.ಐ., ಗೂಗಲ್ಲಿನವರು ೨೦೨೧ರಲ್ಲಿ ಪೂರ್ಣರೂಪದಲ್ಲಿ ಕೊಟ್ಟ ಜೆಟ್‌ಪ್ಯಾಕ್ ಕಂಪೋಸ್, ಇವುಗಳಲ್ಲಿ ಅಕ್ಷರದ ಗಾತ್ರ, ಸಾಲಿನೆತ್ತರ, ಒಳಜಾಗಗಳನ್ನು ಒಂದೇ ಕಡೆ ಬರೆದಿಟ್ಟು ಇಡೀ ಆ್ಯಪಿಗೆ ಅನ್ವಯಿಸಬಹುದೆಂದು ಶಿಷ್ಯನು ತೋರಿಸಿದ್ದಾನೆ. ಮೊದಲ ದಿನ ಮಾಡಿದರೆ ಅರ್ಧ ದಿನದ ಕೆಲಸ, ಕೊನೆಯಲ್ಲಿ ಮಾಡಹೊರಟರೆ ತಿಂಗಳ ಕೆಲಸವೆಂಬುದು ಅವನ ಅನುಭವ. ಎರಡನೆಯ ವಾದವು ತರ್ಕದ ಹೇತ್ವಾಭಾಸ. ಕೆರೆಗೆ ಹೋಗುವ ದಾರಿಯಲ್ಲಿ ಮುಳ್ಳು ಹರಡಿ, ನೀರು ತರುವವರಿಲ್ಲವಾದುದರಿಂದ ಊರಿಗೆ ಬಾಯಾರಿಕೆಯಿಲ್ಲವೆಂದು ಸಿದ್ಧಾಂತ ಮಾಡಿದಂತಾಯಿತು.

ಈ ಸಂಪುಟವು ಮುಖ್ಯವಾಗಿ ಅಧ್ಯಾಪಕರ, ಹಳೆಯ ವಿದ್ಯಾರ್ಥಿಗಳ ಮತ್ತು ದಾನಿಗಳ ಕೈ ಸೇರುವಂಥದು. ಕಟ್ಟಡಕ್ಕೆ ಕೊಟ್ಟ ದಾನಿಗಳು ಅಡಿಪಾಯದ ಆಳವನ್ನು ಕೇಳಿಯೇ ಕೊಟ್ಟಿದ್ದಾರೆ. ಆ್ಯಪಿಗೆ ಕೊಡುವಾಗ ಮಾತ್ರ, ತಮಗೆ ತಿಳಿಯದ ವಿಷಯವೆಂದು ಏನನ್ನೂ ಕೇಳುವುದಿಲ್ಲ. ಕೇಳಬೇಕು. ಕರಾರುಪತ್ರದಲ್ಲಿಯೇ ಮೂರು ಮಾತುಗಳನ್ನು ಬರೆಸಬೇಕು: ಮಾದರಿಯ ಪುಟಗಳನ್ನು ಮೊದಲು ಕನ್ನಡದಲ್ಲಿಯೇ ತೋರಿಸತಕ್ಕದ್ದು; ಯಾವ ಸೂಚನೆಯ ಕ್ರಿಯಾಪದವೂ ಕತ್ತರಿಸಿಹೋಗತಕ್ಕದ್ದಲ್ಲ; ಅಕ್ಷರವನ್ನು ಅತಿ ದೊಡ್ಡದು ಮಾಡಿ ಪರೀಕ್ಷಿಸಿದಾಗ ಒತ್ತುಗಳೆಲ್ಲ ಕಾಣತಕ್ಕದ್ದು. ಬೆಂಗಳೂರು, ಹುಬ್ಬಳ್ಳಿ, ಹೊರದೇಶಗಳಲ್ಲಿ ಈ ವೃತ್ತಿಯಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೊಂದು ಭಾನುವಾರ ಬಂದು ಈ ಪರೀಕ್ಷೆಯನ್ನು ನಡೆಸಿಕೊಡಬಲ್ಲರು. ಅಧ್ಯಾಪಕರು ಅವರ ಪಕ್ಕದಲ್ಲಿ ಕುಳಿತು ಮಾತುಗಳನ್ನು ತಿದ್ದಬಲ್ಲರು. ಪ್ರೌಢಶಾಲೆಯ ಹುಡುಗರನ್ನೂ ಕೂರಿಸಿಕೊಳ್ಳಬಹುದು. ಒತ್ತಕ್ಷರದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಕಪ್ಪುಹಲಗೆ ದೊರೆಯದು.

ಪರೀಕ್ಷೆಗೆ ಬೇಕಾದ ಪದಗಳನ್ನು ನಾನೇ ಆರಿಸಿ ಕೊಡುತ್ತೇನೆ: ಸ್ವಾತಂತ್ರ್ಯ, ರಾಷ್ಟ್ರೀಯ, ವೈಶಿಷ್ಟ್ಯ, ಲಕ್ಷ್ಮಿ, ಶಾಸ್ತ್ರಜ್ಞ, ಜ್ಯೋತ್ಸ್ನಾ, ನಿಷ್ಕೃಷ್ಟ, ಧೈರ್ಯ, ಹುಬ್ಬಳ್ಳಿ, ಕತ್ತೆ, ಇರುವುದಿಲ್ಲ, ಪಾವತಿಯಾಗಿಲ್ಲ. ಹನ್ನೆರಡು ಪದಗಳು. ಇವನ್ನು ಒಂದೊಂದಾಗಿ ಬಟನ್ನಿನಲ್ಲಿ, ಪಟ್ಟಿಯ ಸಾಲಿನಲ್ಲಿ, ತಲೆಯ ಪಟ್ಟಿಯಲ್ಲಿ ಇರಿಸಿ, ಅಕ್ಷರವನ್ನು ಇಮ್ಮಡಿಗೊಳಿಸಿ, ಅರವತ್ತು ದಾಟಿದ ಒಬ್ಬರ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಬೇಕು. ಹನ್ನೆರಡನ್ನೂ ತಡವರಿಸದೆ ಓದಿದರೆ ಕೊನೆಯ ಕಂತಿನ ಹಣವನ್ನು ಕೊಟ್ಟುಬಿಡಬಹುದು.